ಅಜಬಖಾನೆಯಲ್ಲಿ ಕಿವಿ ನಿಂತದ್ದು

ದಿಲ್ಲಿಗೆ ಹೋಗಿ ಬಂದವರು ನಮ್ಮ ಜಗಲಿಯ ಮೇಲೆ ಕುಳಿತು ಕೋಟೆ, ಗುಮ್ಮಟ, ಅರಸರ ಕತ್ತಿ ಎಂದು ಬಣ್ಣಿಸುವಾಗ ನಾನು ಸುಮ್ಮನೆ ಅಡಕೆ ಕತ್ತರಿಸುತ್ತ ಕೂರುತ್ತೇನೆ. ಮುದುಕಿಗೆ ಏನು ಗೊತ್ತು ಎಂದುಕೊಂಡರೆ ಅಂದುಕೊಳ್ಳಲಿ. ನಾನೂ ರಾಜಧಾನಿ ನೋಡಿದವಳೇ. ನಮ್ಮ ಅಂಕೋಲೆ, ಕಾರವಾರಗಳಿಗೆ ಆಗ ರಾಜಧಾನಿ ಎಂದರೆ ಮುಂಬಯಿ. ಮೂವತ್ತರ ದಶಕ ಅರ್ಧ ಕಳೆದಿತ್ತು; ನನಗೆ ಹದಿನಾರು ತುಂಬಿತ್ತು. ಅಲ್ಲಿಯ ಅಜಬಖಾನೆಯಲ್ಲಿ, ಈಗಿನವರು ಮ್ಯೂಜಿಯಂ ಎನ್ನುತ್ತಾರಲ್ಲ ಅಲ್ಲಿ, ನಾನೊಂದು ಸುಳ್ಳು ಹೇಳಿದೆ. ಒಂದೇ ಮಾತಿನ ಸುಳ್ಳು. ಒಬ್ಬಳನ್ನು ಬಿಟ್ಟರೆ ಈವರೆಗೆ ಯಾರ ಮುಂದೆಯೂ ಅದನ್ನು ಒಪ್ಪಿಕೊಂಡಿಲ್ಲ. ಈಗಲೂ ಹೇಳದಿದ್ದರೆ ಆಮೇಲೆ ಹೇಳುವುದಕ್ಕೆ ಬಾಯಲ್ಲಿ ಹಲ್ಲೂ ಇರುವುದಿಲ್ಲ.

ನಮ್ಮ ಮನೆ ಶೆಟಗೇರಿಯಲ್ಲಿ. ಅಪ್ಪ ಕನ್ನಡ ಶಾಲೆಯ ಮಾಸ್ತರ. ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ನನ್ನನ್ನು ಸಾಕಿದವಳು ದೊಡ್ಡಾಯಿ, ಅಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ತಲೆಯ ಹೇನು ಹೆಕ್ಕಿದವಳು, ಜ್ವರ ಬಂದರೆ ಕಾಲ ಬುಡದಲ್ಲೇ ಕೂತವಳು, ಹೆಣ್ಣಿಗೆ ಇನ್ನೂ ಎಷ್ಟು ಓದು ಎಂದ ಅಪ್ಪನ ಹತ್ತಿರ ಜಗಳ ತೆಗೆದು ನನ್ನನ್ನು ಮತ್ತೆರಡು ವರ್ಷ ಶಾಲೆಗೆ ಅಟ್ಟಿದವಳು, ಎಲ್ಲ ಅವಳೇ. ನಮ್ಮ ಕಡೆ ಮಗಳನ್ನೂ ‘ತಂಗಿ’ ಎಂದೇ ಕರೆಯುವುದು. ಅವಳು ನನ್ನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ದೊಡ್ಡಪ್ಪ ಮನೆ ಬಿಟ್ಟಾಗ ನನಗೆ ನಾಲ್ಕು ವರ್ಷ. ಮಳೆಗಾಲದಲ್ಲಿ ಗದ್ದೆ, ಬೇಸಿಗೆಯಲ್ಲಿ ಉಪ್ಪಿನ ಆಗರದ ಕೂಲಿ, ಹಾಗೆ ಬದುಕಿದವನು ಅವನು. ಒಂದು ವರ್ಷ ಬೇಲೆಕೇರಿಯಲ್ಲಿ ತೆಂಗಿನಕಾಯಿ ತುಂಬಿದ ಹಾಯಿದೋಣಿಯೊಂದನ್ನು ಹತ್ತಿ ಮುಂಬಯಿಗೆ ಹೋದ. ಅಲ್ಲಿ ಬಂದರಿನ ಧಕ್ಕೆಯ ಮೇಲೆ ಇಳಿದು, “ಎಲೆ ಅಡ್ಕೆ ತಕಂಡು ಬತ್ತೆ,” ಎಂದು ಸಂಗಡಿಗರಿಗೆ ಹೇಳಿ ಹೋದವನು ತಿರುಗಿ ಬರಲಿಲ್ಲ. ಮೂರು ದಿನ ಕಾದು ದೋಣಿ ಹೊರಟುಬಂತು. ಆಮೇಲೆ ಹನ್ನೆರಡು ವರ್ಷ ಒಂದು ಕಾಗದವಿಲ್ಲ, ಕಂಡೆ ಎಂದವರಿಲ್ಲ.

ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ಕ್ರಿಯೆ ಮಾಡಿ ಮುಗಿಸಬೇಕು ಎಂಬುದು ಹಿಂದಿನಿಂದ ಬಂದ ರೂಢಿ. ಸುಡುವುದಕ್ಕೆ ಹೆಣವಿಲ್ಲವಲ್ಲ, ಅದಕ್ಕೆ ದರ್ಭೆ ಮತ್ತು ಮುತ್ತುಗದ ಎಲೆಯಿಂದ ಒಬ್ಬ ಮನುಷ್ಯನನ್ನು ಕಟ್ಟುತ್ತಾರೆ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಡುತ್ತಾರೆ, ಬೆಂಕಿ ಕೊಡುತ್ತಾರೆ. ಹುಲ್ಲಿನ ಮನುಷ್ಯ ಎನ್ನುತ್ತಿದ್ದೆವು. ನಮ್ಮ ಮನೆತನದಲ್ಲಿ ಅದಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ಹೋದವನನ್ನು ಕೊನೆಯದಾಗಿ ಕಂಡ ನೆಲದಲ್ಲಿ ನಿಂತು ಹೆಂಡತಿ ಅವನ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಜನ್ಮದಲ್ಲಿ ಗಂಡನ ಹೆಸರೆತ್ತದವಳು ಆ ಒಂದು ದಿನ ಎತ್ತಬೇಕು. ಮನೆಯ ಮದುವೆಯಾಗದ ಹೆಣ್ಣೊಬ್ಬಳು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು. ಇದಕ್ಕೆ ‘ಕಿವಿ ನಿಲ್ಲೂದು’ ಎನ್ನುತ್ತಿದ್ದರು. ಗಂಡಸರು ಅಲ್ಲಿರುವಂತಿಲ್ಲ. ಕರೆದವಳ ಕಿವಿಯನ್ನು ನಂಬಬಾರದು, ಆಸೆ ಇದ್ದವರಿಗೆ ಗಾಳಿಯೂ ಓಗೊಟ್ಟಂತೆ ಕೇಳುತ್ತದೆ ಎಂದು ಹಿರಿಯರ ಮಾತು. ಕಿವಿ ನಿಂತವಳು ‘ಕೇಳಿತು’ ಎಂದರೆ ಹುಲ್ಲಿನ ಮನುಷ್ಯನನ್ನು ಕಟ್ಟುವಂತಿಲ್ಲ. ‘ಇಲ್ಲ’ ಎಂದರೆ ಕಟ್ಟಬೇಕು, ಕರೆದವಳ ಬಳೆ ಒಡೆಯಬೇಕು. ಓ ಎಂದವನನ್ನು ಸುಟ್ಟರೆ ಅವನು ಎಲ್ಲಿದ್ದಾನೋ ಅಲ್ಲೇ ಉರಿಯುತ್ತಾನೆ ಎಂದು ನಂಬಿದ್ದೆವು.

ಆ ವರ್ಷ ನನಗೆ ಕಿನ್ನರದಿಂದ ಸಂಬಂಧ ಬಂದಿತ್ತು. ಹುಡುಗ ಕಾರವಾರದ ಕಚೇರಿಯೊಂದರಲ್ಲಿ ಕಾರಕೂನ. ನೋಡಲು ಬಂದ ದಿನ ನಾನು ಆಗಷ್ಟೇ ಸಗಣಿ ಸಾರಿಸಿದ್ದ ಅಂಗಳದಲ್ಲಿ ಜಾರಿ ಬಿದ್ದ. ಎದ್ದು ಬಿಳಿ ಧೋತರದ ಹಿಂಭಾಗ ನೋಡಿಕೊಂಡು, “ಹೆಣ್ಣು ಕೆಲ್ಸದವಳು ಅಂತ ಗೊತ್ತಾಯ್ತು, ಇನ್ನು ಎಂತ ಕೇಳೂದಿಲ್ಲ,” ಎಂದು ತಾನೇ ನಕ್ಕ. ನನಗೆ ಅವನು ಬೇಕಾದ. ಆದರೆ ಅವನ ತಾಯಿ ಎದ್ದು ಹೋಗುವಾಗ ಅಪ್ಪನಿಗೆ ಹೇಳಿದ್ದು ಬೇರೆ. “ಸತ್ರೆ ಸತ್ತ ಅಂತ ಆಗ್ಲಿ, ಬದ್ಕಿದ್ರೆ ಬದ್ಕಿದ್ದ ಅಂತ ಆಗ್ಲಿ. ಹೊಸ್ಲ ಮೇಲೆ ನಿಂತವ ಇರೂ ಮನೆಯಿಂದ ನಾವು ಹೆಣ್ಣು ತರೂದಿಲ್ಲ. ತುಳಸಿ ಹಬ್ಬದ ಒಳ್ಗೆ ಹೇಳಿ ಕಳ್ಸಿ ಮಾಸ್ತ್ರೇ.”

ಅದಕ್ಕೂ ಮೊದಲು ಅಪ್ಪ ಈ ವಿಷಯ ತೆಗೆದಾಗಲೆಲ್ಲ ದೊಡ್ಡಾಯಿ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಇಟ್ಟು ಹಿತ್ತಲಿಗೆ ಹೋಗುತ್ತಿದ್ದಳು. ಈ ಸಲ ಮೂರನೆಯ ದಿನ ಮಜ್ಜಿಗೆ ಕಡೆಯುತ್ತ, “ಮುಂಬೈಗೆ ಹೋಪ. ಕರೂದೋ ಬಿಡೂದೋ ಅಲ್ಲಿ ನೋಡ್ತೆ,” ಎಂದಳು. ನನ್ನ ಮುಖ ಅರಳಿದ್ದನ್ನು ಅವಳು ಕಂಡಳು. ಕಂಡೂ ಕಡೆಯುವುದನ್ನು ನಿಲ್ಲಿಸಲಿಲ್ಲ.

ದೀಪಾವಳಿ ರಜೆಯಲ್ಲಿ ಮೂವರೂ ಹೊರಟೆವು. ಅಂಕೋಲೆಯಿಂದ ಕಾರವಾರದವರೆಗೆ ಮೋಟಾರು, ಅಲ್ಲಿಂದ ಹೊಗೆ ಉಗುಳುವ ಆಗಬೋಟು. ಅದು ದಂಡೆಗೆ ಬರುತ್ತಿರಲಿಲ್ಲ. ಸಣ್ಣ ದೋಣಿಯಲ್ಲಿ ಹೋಗಿ ನಡುನೀರಿನಲ್ಲಿ ಹತ್ತಬೇಕಿತ್ತು. ಹತ್ತುವ ಮೊದಲು ದೊಡ್ಡಾಯಿ ಕಾರವಾರದ ಪೇಟೆಯಲ್ಲಿ ಕೂತು ಎರಡೂ ಕೈತುಂಬ ಹಸಿರು ಬಳೆ ಇಡಿಸಿಕೊಂಡಳು. ಒಡೆಯುವುದಕ್ಕೆ ಹೊರಟವಳಿಗೆ ಹೊಸ ಬಳೆ ಯಾಕೆ ಎಂದು ಅಪ್ಪನ ಮುಖ ಕೇಳಿತು, ಬಾಯಿ ಕೇಳಲಿಲ್ಲ. ಅವಳೇ ಹೇಳಿದಳು: “ಅವ್ರ ಎದ್ರಿಗೆ ಹಳೇ ಬಳೆಲಿ ನಿಲ್ಲೂಕೆ ನಂಗೆ ಮನಸ್ಸಿಲ್ಲ.”

ಬೋಟು ನಿಂತ ಪ್ರತಿ ಬಂದರಿನಲ್ಲೂ ಅವಳು ಕಟಾಂಜನಕ್ಕೆ ಒರಗಿ ಹತ್ತಿ ಬರುವ ಗಂಡಸರ ಕೈ ನೋಡುತ್ತಿದ್ದಳು. ಮುಖದ ಕಡೆ ಕಣ್ಣೇ ಹಾಯಿಸುತ್ತಿರಲಿಲ್ಲ. “ಮುಖ ಹನ್ನೆರ್ಡು ವರ್ಸಕ್ಕೆ ಬದ್ಲಾಗ್ತದೆ ತಂಗೀ, ಬೆರಳು ಬದ್ಲಾಗೂದಿಲ್ಲ,” ಎಂದಳು. ದೊಡ್ಡಪ್ಪನ ಎಡಗೈಯ ಕಿರುಬೆರಳು ಒಳಕ್ಕೆ ಮಡಚಿಕೊಂಡೇ ಇತ್ತಂತೆ. ಚಿಕ್ಕಂದಿನಲ್ಲಿ ಅಪ್ಪ ಒನಕೆ ಬೀಳಿಸಿದ್ದರಿಂದ ಆದದ್ದು. ಅವಳು ಇದನ್ನು ಹೇಳುವಾಗ ಅಪ್ಪ ಸಮುದ್ರದ ಕಡೆ ತಿರುಗಿ ನಿಂತಿದ್ದರು.

ಮುಂಬಯಿಯಲ್ಲಿ ಬೇಲೆಕೇರಿ ಕಡೆಯ ನೆಂಟರೊಬ್ಬರ ಚಾಳಿನ ಕೋಣೆಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಧಕ್ಕೆಗೆ ಹೋದೆವು. ಮೂಟೆ, ಕೂಗು, ಎಣ್ಣೆ ತೇಲುವ ನೀರು. ಅಪ್ಪ ದೂರ ಹೋಗಿ ನಿಂತರು. ನಾನು ದೊಡ್ಡಾಯಿಯ ಪಕ್ಕ ಕಿವಿ ನಿಂತೆ. ಅವಳು ಬಹಳ ಹೊತ್ತು ಆ ಕಲ್ಲಿನ ನೆಲವನ್ನೇ ನೋಡಿ, “ಇಲ್ಲಿ ಅಲ್ಲ,” ಎಂದು ತಿರುಗಿ ನಡೆದಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅಪ್ಪನ ತಾಳ್ಮೆ ಮುಗಿಯಿತು.

“ಅತ್ಗೇ, ಇಲ್ಲ ಅಂತ ತಿಳೂಕೇ ಕರೂದು ಅಲ್ವಾ? ಇಲ್ಲೇ ಅಲ್ವಾ ಅಣ್ಣ ಇಳ್ದದ್ದು?”

“ಇಳ್ದದ್ದು ಇಲ್ಲಿ ತಮ್ಮಾ. ಆದ್ರೆ ಕೊನೆಗೆ ಕಂಡದ್ದು ಇಲ್ಲಿ ಅಲ್ಲ. ಇಲ್ಲಿಂದ ನಡ್ದು ಹೋದವ್ರನ್ನ ಮತ್ತೆ ಯಾರೋ ಕಂಡಿರ್ತ್ರು.”

ನನಗಂತೂ ಸಿಟ್ಟು ನೆತ್ತಿಗೇರಿತ್ತು. ನನ್ನ ಮದುವೆಯ ಮಾತು ಮುರಿದುಬೀಳುವವರೆಗೂ ಇವಳು ಹೀಗೇ ಊರು ಸುತ್ತಿಸುತ್ತಾಳೆ ಎಂದುಕೊಂಡೆ. ಅವಳು ಬಿಟ್ಟುಕೊಡಬೇಕಾದ್ದು ಏನು ಎಂದು ಒಂದು ಸಲವೂ ಎಣಿಸಲಿಲ್ಲ. ಹದಿನಾರರ ಬುದ್ಧಿ ಅಷ್ಟೇ.

ತಿರುಗಿ ಹೋಗುವ ಬೋಟಿಗೆ ಇನ್ನೆರಡು ದಿನವಿತ್ತು. ಬಂದದ್ದಾಯಿತು, ಊರಾದರೂ ನೋಡಿ ಎಂದು ನೆಂಟರು ದಾರಿ ಹೇಳಿಕೊಟ್ಟರು. ಮೊದಲು ಸಮುದ್ರದಂಡೆಯ ಆ ದೊಡ್ಡ ಕಲ್ಲಿನ ಬಾಗಿಲಿಗೆ ಹೋದೆವು. ಬಾದಶಹರು ಬಂದಿಳಿದ ನೆನಪಿಗೆ ಕಟ್ಟಿಸಿದ್ದು ಎಂದು ಅಪ್ಪ ಪಾಠ ಹೇಳತೊಡಗಿದರು. ದೊಡ್ಡಾಯಿ ಅದರ ಒಳಗಿಂದ ದಾಟಿ ಆಚೆ ನೋಡಿದಳು, ತಿರುಗಿ ಬಂದು ಈಚೆ ನೋಡಿದಳು. “ಬಾಗ್ಲು ಮಾತ್ರ ಉಂಟು, ಮನೆ ಇಲ್ಲ. ಬಂದವ ಒಳ್ಗೆ ಬಂದ್ನೋ ಹೊರ್ಗೇ ಇದ್ನೋ ತಿಳೂದು ಹ್ಯಾಂಗೆ?” ಎಂದಳು. ಆ ಮಾತು ಕೇಳುವವರೆಗೆ ನನಗೆ ಅದು ಚಂದದ ಬಾಗಿಲಾಗಿತ್ತು. ಆಮೇಲೆ ಅದರ ಕೆಳಗೆ ನಿಲ್ಲಲು ಮನಸ್ಸಾಗಲಿಲ್ಲ.

ಅಲ್ಲಿಂದಲೇ ದೋಣಿಯಲ್ಲಿ ಘಾರಾಪುರಿ ನಡುಗಡ್ಡೆಯ ಗುಹೆಗೆ ಹೋದೆವು. ಬೆಟ್ಟದ ಹೊಟ್ಟೆಯಲ್ಲಿ ಅಷ್ಟೆತ್ತರದ ದೇವರುಗಳು. ಒಬ್ಬರಿಗೆ ತೋಳಿಲ್ಲ, ಒಬ್ಬರಿಗೆ ಮೊಣಕಾಲಿಲ್ಲ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಅವರು ಒಬ್ಬೊಬ್ಬರಾಗಿ ಕಾಣತೊಡಗಿದರು, ಮೊದಲು ಹೊಟ್ಟೆ, ಆಮೇಲೆ ಮುಖ. ನಾನು ಕೈಮುಗಿದೆ. ದೊಡ್ಡಾಯಿ ಮುಗಿಯಲಿಲ್ಲ. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಡುವುದಿಲ್ಲ, ನೀರಿಗೆ ಬಿಟ್ಟು ಕಳಿಸಿಕೊಡುತ್ತೇವೆ. “ಇವ್ರನ್ನ ಯಾರೂ ಕಳ್ಸಿ ಕೊಡ್ಲಿಲ್ಲ. ಹಾಂಗೇ ನಿಂತಿದ್ರು,” ಎಂದು ಪಿಸುಗುಟ್ಟಿದಳು. ಗುಹೆಯಲ್ಲಿ ಪಿಸುಮಾತೂ ದೊಡ್ಡದಾಗಿ ಕೇಳುತ್ತದೆ. ಹಿಂದಿನ ಗೋಡೆ ಅದನ್ನು ಇನ್ನೊಮ್ಮೆ ಹೇಳಿತು, ಅವಳ ದನಿಯಲ್ಲಿ ಅಲ್ಲ, ಸ್ವಲ್ಪ ದಪ್ಪ ದನಿಯಲ್ಲಿ. ನಾನು ಅಪ್ಪನ ಕೈ ಹಿಡಿದುಕೊಂಡು ಹೊರಗೆ ಬಂದೆ.

ಕೊನೆಯ ದಿನ ಮಧ್ಯಾಹ್ನ ದೊಡ್ಡ ತೋಟದೊಳಗಿನ ಅಜಬಖಾನೆಗೆ ಹೋದೆವು. ಆ ತೋಟದಲ್ಲೇ ಪ್ರಾಣಿಗಳನ್ನೂ ಇಟ್ಟಿದ್ದರು. ಎಲ್ಲಿಂದಲೋ ನವಿಲು, ಎಲ್ಲಿಂದಲೋ ಮತ್ತೊಂದು ಕೂಗು ಬರುತ್ತಿತ್ತು. ಬಾಗಿಲ ಬಳಿ ಒಡೆದು ಮತ್ತೆ ಜೋಡಿಸಿದ ಕಲ್ಲಿನ ಆನೆ. ಒಳಗೆ ಎತ್ತರದ ಕಂಬಗಳು, ಬಣ್ಣದ ಚಾವಣಿ, ಸಾಲುಸಾಲು ಗಾಜಿನ ಕಪಾಟು. ಊಟದ ಹೊತ್ತಾದ್ದರಿಂದ ಜನವಿರಲಿಲ್ಲ. ನಮ್ಮ ಬರಿಗಾಲಿನ ಸಪ್ಪಳವೇ ನಮಗೆ ಕೇಳುತ್ತಿತ್ತು.

ಅಪ್ಪ ಇಂಗ್ಲಿಷ್ ಚೀಟಿಗಳನ್ನು ಓದಿ ಓದಿ ಹೇಳುತ್ತಿದ್ದರು. ಇಂಥ ಸರದಾರನ ಅಂಗಿ. ಇಂಥ ರಾಣಿಯ ಪಾನದಾನಿ. ಯಾರದೋ ಕತ್ತಿ, ಹಿಡಿಯ ಬಟ್ಟೆ ಬೆವರಿಗೆ ಕಪ್ಪಾದದ್ದು. ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮಲಗಿದ ಚಾಪೆಯನ್ನು ಹೊರಗೆ ಹಾಕುತ್ತೇವೆ, ಮಡಕೆ ಒಡೆಯುತ್ತೇವೆ. ಹೋದವರು ತಿರುಗಿ ನೋಡದೆ ಹೋಗಲಿ ಎಂದು. ಇಲ್ಲಿ ಹೊರಹಾಕಬೇಕಾದ್ದನ್ನೆಲ್ಲ ಒರೆಸಿ, ಚೀಟಿ ಅಂಟಿಸಿ, ಬೀಗ ಹಾಕಿ ಇಟ್ಟಿದ್ದರು. ಹೀಗೆ ನಾನಾಗಿ ಯೋಚಿಸಿದೆನೋ ದೊಡ್ಡಾಯಿಯ ಮುಖ ನೋಡಿ ನನಗೆ ಹಾಗನಿಸಿತೋ, ಈಗ ಹೇಳಲಾರೆ. ಅವಳು ಕೊರಳ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದಳು.

ಒಳಗಿನ ಸಾಲಿನಲ್ಲಿ ಮಣ್ಣಿನ ಜನರಿದ್ದರು. ಮುಂಬಯಿ ಇಲಾಖೆಗೆ ಸೇರಿದ ಬೇರೆ ಬೇರೆ ಜಿಲ್ಲೆಗಳ ಕಸುಬುದಾರರು, ಒಬ್ಬೊಬ್ಬರೂ ಒಂದೂವರೆ ಗೇಣು ಎತ್ತರ. ನೇಕಾರ, ಕಮ್ಮಾರ, ಮೀನು ಮಾರುವವಳು. ನಿಜವಾದ ಬಟ್ಟೆ ಉಡಿಸಿದ್ದರು. ಕಣ್ಣಿನ ಬಿಳಿ ಗುಡ್ಡೆಗೆ ಎಣ್ಣೆ ಹಚ್ಚಿದಂಥ ಹೊಳಪು. ನಾನು ಮೀನಿನವಳ ಬುಟ್ಟಿಯಲ್ಲಿ ಬಂಗಡೆಯನ್ನು ಗುರುತಿಸಿ ಖುಷಿಪಡುತ್ತಿದ್ದಾಗ ದೊಡ್ಡಾಯಿಯ ಬಳೆಗಳ ಸದ್ದು ನಿಂತಿತು. ಬೆಳಗಿನಿಂದ ಕಿವಿಗೆ ರೂಢಿಯಾಗಿದ್ದ ಸದ್ದು. ತಿರುಗಿ ನೋಡಿದೆ.

ಅವಳು ಕೊನೆಯ ಕಪಾಟಿನ ಮುಂದೆ ನಿಂತಿದ್ದಳು. ಒಳಗೆ ಉಪ್ಪು ಎಳೆಯುವ ಉದ್ದ ಹಿಡಿಕೆಯ ಹಲಗೆ ಹಿಡಿದ ಒಬ್ಬ ಮನುಷ್ಯ. ತಲೆಗೆ ಸುತ್ತಿದ ಬಟ್ಟೆಯ ಗಂಟು ಎಡಗಿವಿಯ ಮೇಲೆ. ಹಿಡಿಕೆಯ ಮೇಲಿದ್ದ ಎಡಗೈಯಲ್ಲಿ ನಾಲ್ಕು ಬೆರಳು ಸುತ್ತಿಕೊಂಡಿದ್ದವು. ಕಿರುಬೆರಳು ಮಾತ್ರ ಹಿಡಿಕೆಗೆ ತಾಗದೆ ಒಳಕ್ಕೆ ಮಡಚಿತ್ತು.

“ತಮ್ಮಾ,” ಎಂದು ಅವಳು ಅಪ್ಪನನ್ನು ಕರೆದಳು.

ಅಪ್ಪ ಬಂದರು, ಚೀಟಿ ಓದಿದರು: ಉಪ್ಪಿನ ಆಗರದ ಕೂಲಿ, ಕಾನಡಾ ಜಿಲ್ಲೆ, ಅಂದರೆ ನಮ್ಮದೇ. ಆಮೇಲೆ ಒಳಗೆ ನೋಡಿದರು. ಆ ಬೆರಳಿನ ಮೇಲೆ ಒನಕೆ ಹಾಕಿದವರು ಅವರೇ ಅಲ್ಲವೇ. “ಬೆರಳು ಮಡ್ಚಿದವ್ರು ಲೋಕದಲ್ಲಿ ಸಾವ್ರ ಜನ ಇರ್ತ್ರು,” ಎಂದರು. ಹೇಳಿದ ರೀತಿ ನೋಡಿದರೆ ತಮಗೇ ಹೇಳಿಕೊಂಡಂತಿತ್ತು.

ಅಷ್ಟರಲ್ಲಿ ಕಾವಲಿನ ಮುದುಕ ಬಂದ. ನಮ್ಮ ಮಾತು ಕೇಳಿ, “ತುಮ್ಚೊ ಗಾಂವ್ ಖಂಯ್ಚೊ?” ಎಂದು ಕೊಂಕಣಿಯಲ್ಲಿ ಊರು ವಿಚಾರಿಸಿದ. ಕಾರವಾರದ ಕಡೆಯವನೇ. ಊರಿನವರು ಸಿಕ್ಕ ಸಂತೋಷಕ್ಕೆ ಕನ್ನಡಕ್ಕೆ ಹೊರಳಿ ಕೇಳದ್ದನ್ನೂ ಹೇಳಿದ. ಈ ಗೊಂಬೆ ಮಾಡಿದ ಕುಂಬಾರ ಮನಸ್ಸಿಗೆ ಬಂದಂತೆ ಮಾಡುವವನಲ್ಲವಂತೆ. ಧಕ್ಕೆಯ ಹತ್ತಿರ ಅಲೆಯುವ ಜನರನ್ನು ಕರೆತಂದು, ಇಲ್ಲೇ ಹಿಂದಿನ ಪಡಸಾಲೆಯಲ್ಲಿ ನಿಲ್ಲಿಸಿ, ನೋಡಿ ನೋಡಿ ತಿದ್ದುತ್ತಿದ್ದನಂತೆ. ಹನ್ನೊಂದೋ ಹನ್ನೆರಡೋ ವರ್ಷ ಆಗಿರಬೇಕು. ನಿಂತ ಮನುಷ್ಯ ಎಲ್ಲಿಗೆ ಹೋದ ಎಂದು ಅಪ್ಪ ಕೇಳಿದರು.

“ಅವ್ರೆಲ್ಲಾ ಎಲ್ಲಿಗೆ ಹೋಗ್ತಾರೆ ಅಂತ ಯಾರು ನೋಡ್ತಾರೆ ಸಾಯ್ಬಾ? ಕುಂಬಾರನೂ ಸತ್ತ. ಆದ್ರೆ ಇವಂದು ಒಂದು ಗಮ್ಮತ್ತು ಉಂಟು. ಮಳೆಗಾಲದಾಗೆ ಇವ ಬೆವರ್ತಾನೆ. ಬಾಕಿಯವ್ರು ಒಣಗಿಯೇ ಇರ್ತಾರೆ, ಇವನೊಬ್ಬನೇ. ವರ್ಸ ವರ್ಸ ನಾನೇ ಒರೆಸೂದು.”

ಬಗ್ಗಿ ನೋಡಿದೆ. ಹೌದು. ಹಣೆಯಿಂದ ಕುತ್ತಿಗೆಯವರೆಗೆ ಬೆವರು ಇಳಿದು ಒಣಗಿದ ಬಿಳಿ ಗೆರೆಗಳು. ಉಪ್ಪು. ಆ ಮಣ್ಣು ಯಾವ ನೀರಿನಲ್ಲಿ ಕಲಸಿದ್ದೋ, ಮಳೆಗಾಲದ ಥಂಡಿಗೆ ಉಪ್ಪು ಮೇಲೆ ಬಂದಿರಬೇಕು ಎಂದು ಅಪ್ಪ ಮುಂದೊಂದು ದಿನ ನನಗೆ ವಿವರಿಸಿದರು. ಇದ್ದೀತು.

“ಕೊನೆಗೆ ಕಂಡ ನೆಲ ಇದೇ,” ಎಂದಳು ದೊಡ್ಡಾಯಿ. “ಈ ಕಾವಲಿನ ಅಣ್ಣನ್ನ ಕರ್ಕಂಡು ಹೊರ್ಗೆ ಹೋಗು ತಮ್ಮಾ.”

ಅಪ್ಪ ಕಾವಲಿನವನ ಭುಜ ಹಿಡಿದು ಏನೋ ಕೇಳುತ್ತ ತೋಟಕ್ಕೆ ಇಳಿದರು. ಕಿಟಕಿಯಿಂದ ಇಬ್ಬರೂ ಕಲ್ಲಾನೆಯ ಹತ್ತಿರ ನಿಂತದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಒಳಗೆ ನಾವಿಬ್ಬರೇ ಉಳಿದೆವು, ಮಣ್ಣಿನ ಜನರನ್ನು ಬಿಟ್ಟರೆ.

ದೊಡ್ಡಾಯಿ ಸೆರಗು ಸರಿಮಾಡಿಕೊಂಡಳು. ಹಣೆಯ ಕುಂಕುಮ ಇದೆಯೋ ಎಂದು ಗಾಜಿನಲ್ಲಿ ನೋಡಿಕೊಂಡಳು. ಮೊದಲ ಸಲ ಕರೆಯುವಾಗ ದನಿಯೇ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ಹದಿನೆಂಟು ಇಪ್ಪತ್ತು ವರ್ಷದ ಮದುವೆಯಲ್ಲಿ ಒಮ್ಮೆಯೂ ಹೇಳದ ಹೆಸರು. ಎರಡನೆಯ ಸಲ ಜೋರಾಗಿ ಬಂತು. ಚಾವಣಿಗೆ ತಾಗಿ ಹಿಂದೆ ಬಂತು. ಮೂರನೆಯ ಸಲ ಅವಳು ಕರೆದದ್ದು ಗದ್ದೆಯಲ್ಲಿದ್ದವನನ್ನು ಊಟಕ್ಕೆ ಕರೆಯುವ ಹಾಗೆ, ಕೊನೆಯ ಅಕ್ಷರವನ್ನು ನಮ್ಮ ಕಡೆಯಂತೆ ಎಳೆದು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆಗ ಕೇಳಿತು. “ಓ.”

ದೊಡ್ಡದಾಗಿಯೇನೂ ಅಲ್ಲ. ಕೈಕೆಲಸ ಬಿಡಲಾಗದ ಮನುಷ್ಯ, ಕೇಳಿತು, ಬರುತ್ತೇನೆ ಎನ್ನುವ ಹಾಗೆ ಹೇಳುವ ಗಂಡು ದನಿಯ ಓ. ಎಲ್ಲಿಂದ ಬಂತು ಎಂದು ಕೇಳಬೇಡಿ. ಕಪಾಟಿನಿಂದ ಎಂದರೆ ನೀವು ನಗುತ್ತೀರಿ, ನಾನೂ ನಗುತ್ತೇನೆ. ಹೊರಗಿನ ಪ್ರಾಣಿಯೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಮ್ಮ ಊರಿನ ಎಳೆತ ಹಾಕಿ ಕೂಗುವ ಪ್ರಾಣಿಯನ್ನು ಮುಂಬಯಿಯಲ್ಲಿ ಯಾರು ಸಾಕುತ್ತಾರೆ? ಕಿಟಕಿಯಾಚೆ ಅಪ್ಪನೂ ಮುದುಕನೂ ಕಲ್ಲಾನೆಯ ಹತ್ತಿರವೇ ಇದ್ದರು.

ದೊಡ್ಡಾಯಿ ತಿರುಗಲಿಲ್ಲ. ಗಾಜಿನಲ್ಲಿ ಅವಳ ಮುಖ ಆ ಮಣ್ಣಿನ ಮನುಷ್ಯನ ಮೇಲೆ ಬಿದ್ದಿತ್ತು, ಆ ಗಾಜಿನೊಳಗಿನಿಂದಲೇ ನನ್ನನ್ನು ನೋಡುತ್ತಿದ್ದಳು.

“ಕೇಳ್ತಾ ತಂಗೀ?”

ನನಗೆ ಆಗ ಕಂಡದ್ದು ಸಗಣಿ ಸಾರಿಸಿದ ಅಂಗಳ. ಧೋತರದ ಹಿಂಭಾಗ ನೋಡಿಕೊಂಡು ನಗುತ್ತಿದ್ದ ಹುಡುಗ. ತುಳಸಿ ಹಬ್ಬಕ್ಕೆ ಉಳಿದ ದಿನಗಳು.

“ಇಲ್ಲ,” ಎಂದೆ.

ಅವಳ ಉಸಿರು ತಾಗಿ ಗಾಜು ಮಸುಕಾಗಿತ್ತು, ಅದನ್ನು ಸೆರಗಿನಿಂದ ಒರೆಸಿದಳು. “ಹೌದಾ,” ಎಂದಳು. ಅಷ್ಟೇ. ಹೊರಗೆ ಬಂದು ಅಪ್ಪನಿಗೆ ತಾನೇ ಹೇಳಿದಳು: “ಕಿವಿ ನಿಂತವಳು ಇಲ್ಲ ಅಂದ್ಲು.” ತಿರುಗಿ ಬರುವಾಗ ಬೋಟಿನಲ್ಲಿ ಯಾರ ಕೈಯನ್ನೂ ನೋಡಲಿಲ್ಲ.

ಬಳೆ ಒಡೆಯಲು ಬಂದ ಹೆಂಗಸರಿಗೆ ಅವಳು ಕಷ್ಟ ಕೊಡಲಿಲ್ಲ. ಬಾವಿಕಟ್ಟೆಯ ಮೇಲೆ ಕೈಯಿಟ್ಟು ತಾನೇ ಒಡೆದುಕೊಂಡಳು. ಹಸಿರು ಚೂರುಗಳನ್ನು ಗುಡಿಸಿದವಳು ನಾನು. ಹೊಳೆದಂಡೆಯಲ್ಲಿ ಹುಲ್ಲಿನ ಮನುಷ್ಯನಿಗೆ ಅಪ್ಪ ಬೆಂಕಿ ಕೊಟ್ಟರು. ಎಲೆ, ದರ್ಭೆ ಎಲ್ಲ ಬೇಗನೆ ಉರಿದುಹೋದವು. ತಲೆಯ ತೆಂಗಿನಕಾಯಿ ಒಡೆಯಬೇಕಿತ್ತು, ಒಡೆಯಲಿಲ್ಲ. ಕಪ್ಪಾಗಿ ಬೂದಿಯಲ್ಲಿ ಕೂತೇ ಇತ್ತು. ಕಾಯಿ ಹಸಿ ಇತ್ತು ಎಂದು ಭಟ್ಟರು ಅದನ್ನು ಕೋಲಿನಿಂದ ನೀರಿಗೆ ತಳ್ಳಿದರು. ಆ ರಾತ್ರಿಯಿಂದ ಎಷ್ಟೋ ದಿನ ನನ್ನ ಅಂಗೈ ಉರಿಯುತ್ತಿತ್ತು. ಚೂರು ಗುಡಿಸುವಾಗ ಗೀರಿದ್ದಕ್ಕೆ ಎಂದು ಎಣ್ಣೆ ಹಚ್ಚಿಕೊಂಡೆ.

ಮಾಘದಲ್ಲಿ ನನ್ನ ಮದುವೆಯಾಯಿತು. ಸಾಕಿದ ಕೈಯಿಂದ ನನಗೆ ಆರತಿ ಎತ್ತಿಸಿಕೊಳ್ಳುವ ಭಾಗ್ಯವಿರಲಿಲ್ಲ. ವಿಧವೆಯಲ್ಲವೇ, ಅವಳು ಹಿತ್ತಲ ಕೋಣೆಯಲ್ಲಿ ಕೂತು ಮದುವೆಯ ಅಕ್ಕಿ ಆರಿಸಿದಳು. ಗಂಡ ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಮಾಡಿದ್ದುಣ್ಣೋ ಮಹಾರಾಯ ಎಂದು ಸಮಾಧಾನವಾದರೂ ಆಗುತ್ತಿತ್ತು. ಅವನು ನಗಿಸಿದಾಗಲೆಲ್ಲ ನಗುತ್ತಿದ್ದೆ, ನಕ್ಕ ಮೇಲೆ ಆ ಗಾಜಿನಲ್ಲಿದ್ದ ಕಣ್ಣು ನೆನಪಾಗುತ್ತಿತ್ತು.

ಹುಲ್ಲಿನ ಮನುಷ್ಯನನ್ನು ಸುಟ್ಟ ತಿಥಿಗೆ ವರ್ಷವೂ ಶೆಟಗೇರಿಗೆ ಹೋಗುತ್ತಿದ್ದೆ. ಅವತ್ತು ಹಿತ್ತಲಲ್ಲಿ ಬಾಳೆಲೆಯ ಮೇಲೆ ಅನ್ನ ಬಡಿಸಿ, ಸತ್ತವನ ಹೆಸರು ಹಿಡಿದು ಉಣ್ಣಲು ಕರೆಯುವುದು ಕ್ರಮ. ಕರೆಯಬೇಕಾದವಳು ಹೆಂಡತಿ. ಸತ್ತ ಗಂಡನ ಹೆಸರು ಹೇಳಲು ಅಡ್ಡಿಯಿಲ್ಲ. ಮೊದಲ ವರ್ಷವೇ ದೊಡ್ಡಾಯಿ ತಲೆಯಾಡಿಸಿಬಿಟ್ಟಳು. “ಅವ್ರ ಹೆಸ್ರು ನಾನು ಹೇಳೂದಿಲ್ಲ. ಕಿವಿ ನಿಂತದ್ದು ಅದು. ಅದೇ ಕರೀಲಿ,” ಎಂದು ನನ್ನ ಕಡೆ ಕೈ ತೋರಿಸಿದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪ್ಪಿನ ಪಾತ್ರೆ ಇತ್ತ ಕೊಡು ಎನ್ನುವಷ್ಟೇ ಸಾದಾ ದನಿ. ಬದುಕಿದ್ದವನ ಹೆಂಡತಿ ಮಾತ್ರ ಹೆಸರು ಹೇಳುವುದಿಲ್ಲ. ಅದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ, ನನಗೆ ಹೊಳೆಯಿತು. ವರ್ಷ ವರ್ಷವೂ ನಾನೇ ಕರೆದೆ. ಕಾಗೆ ಬಂದು ಮುಟ್ಟಿದ್ದು ಒಂದು ವರ್ಷವೂ ಇಲ್ಲ. ಅನ್ನವನ್ನು ಕೊನೆಗೆ ದನಕ್ಕೆ ಹಾಕುತ್ತಿದ್ದೆವು.

ನಾಲ್ಕನೆಯ ವರ್ಷ, ಎಲ್ಲೋ ಯುದ್ಧ ಸುರುವಾಯಿತಂತೆ ಎಂದು ಜನ ಮಾತಾಡುತ್ತಿದ್ದ ವರ್ಷ, ದೊಡ್ಡಾಯಿ ಹಾಸಿಗೆ ಹಿಡಿದಿದ್ದಳು. ಜ್ವರ ಬಿಟ್ಟಿರಲಿಲ್ಲ, ಮೈಯಲ್ಲಿ ಏನೂ ಉಳಿದಿರಲಿಲ್ಲ. ಹಿತ್ತಲ ಬಾಗಿಲಿಗೆ ಹತ್ತಿದ ಕೋಣೆಯಲ್ಲೇ ಮಲಗಿದ್ದಳು. ತಿಥಿಯ ಮಧ್ಯಾಹ್ನ ನಾನು ಎಲೆಯ ಮುಂದೆ ನಿಂತು ಆ ಹೆಸರು ಹಿಡಿದು, ಬಾ, ಉಂಡು ಹೋಗು ಎಂದೆ. ಎಲೆ ಅಲುಗಲಿಲ್ಲ. ಯಾವ ಸದ್ದೂ ಇರಲಿಲ್ಲ.

“ಕೇಳ್ತಾ ತಂಗೀ?”

ಕೋಣೆಯಿಂದ. ಅದೇ ಮಾತು, ಅದೇ ದನಿ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ಕೇಳಿರಲಿಲ್ಲ. ಒಳಗೆ ಹೋಗಿ ಅವಳ ಚಾಪೆಯ ಬಳಿ ಕುಳಿತೆ. ಅವಳು ನನ್ನನ್ನು ನೋಡದೆ ಗೋಡೆಯ ಕಡೆ ನೋಡುತ್ತಿದ್ದಳು. ಅವಳಿಗೂ ಅಂದು ಕೇಳಿತ್ತು ಎಂದು ನನಗೆ ಆ ಕ್ಷಣಕ್ಕೆ ತಿಳಿಯಿತು. ಕೇಳಿಯೂ ನನ್ನನ್ನು ಕೇಳಿದ್ದಳು. ನಾನು ಏನು ಹೇಳಿದರೆ ಅದೇ ಆಗಲಿ ಎಂದು ಬಿಟ್ಟುಕೊಟ್ಟಿದ್ದಳು.

“ಆವತ್ತೇ ಕೇಳಿತ್ತು ದೊಡ್ಡಾಯಿ,” ಎಂದೆ.

ಅವಳು ಹೊದಿಕೆಯೊಳಗಿಂದ ಎರಡೂ ಕೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದಳು.

“ಹಂಗಾರೆ ನನ್ ಬಳೆ ತಾ.”

ನನ್ನ ಕೈಯಲ್ಲಿದ್ದ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಅವಳಿಗೆ ತೊಡಿಸಿದೆ. ಅವು ಮಣಿಕಟ್ಟಿನಲ್ಲಿ ನಿಲ್ಲದೆ ಮೊಣಕೈಯವರೆಗೆ ಜಾರಿದವು. ಅವಳು ಕೈಯನ್ನು ಮೆಲ್ಲಗೆ ಎತ್ತಿ, ಅವು ಸದ್ದು ಮಾಡುತ್ತವೆಯೋ ಎಂದು ಅಲ್ಲಾಡಿಸಿ ನೋಡಿದಳು.